ಬೋರ್ಡು ಕಂಪನಿಯದು, ದನಿ ಯಾರದು?

ಬೀಟಲ್ಸ್ ಒಡೆದ ಸುದ್ದಿ ಹೊರಬಿದ್ದದ್ದು 1970ರ ಏಪ್ರಿಲ್‌ನಲ್ಲಿ. ಅದೇ ವರ್ಷದ ನವೆಂಬರ್ ಕೊನೆಗೆ ಆ ತಂಡದ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್ ತನ್ನೊಬ್ಬನ ಹೆಸರಿನಲ್ಲಿ ಆಲ್ಬಂ ತಂದ. ಒಂದಲ್ಲ, ಎರಡಲ್ಲ, ಮೂರು ಎಲ್‌ಪಿ ತಟ್ಟೆಗಳ ಪೆಟ್ಟಿಗೆ. ಹೆಸರು ‘ಆಲ್ ಥಿಂಗ್ಸ್ ಮಸ್ಟ್ ಪಾಸ್’. ಇಷ್ಟೊಂದು ಹಾಡು ಎಲ್ಲಿದ್ದವು ಎಂದು ಕೇಳಿದರೆ, ಬಹಳಷ್ಟು ತಂಡದೊಳಗೇ ಇದ್ದವು. ಬೀಟಲ್ಸ್‌ನಲ್ಲಿ ಹಾಡು ಕಟ್ಟುವ ಯಜಮಾನಿಕೆ ಲೆನನ್ ಮತ್ತು ಮೆಕಾರ್ಟ್ನಿಯದು. ಹ್ಯಾರಿಸನ್‌ನ ಪಾಲಿಗೆ ಒಂದು ತಟ್ಟೆಯಲ್ಲಿ ಹೆಚ್ಚಾಗಿ ಒಂದೋ ಎರಡೋ ಹಾಡು. ಮಿಕ್ಕವು ವರ್ಷಗಟ್ಟಲೆ ಸರದಿ ಕಾಯುತ್ತ ಬಿದ್ದಿದ್ದವು. ತಂಡ ಒಡೆದದ್ದೇ ತಡ, ಕೋಡಿ ಬಿದ್ದ ಕೆರೆಯ ಹಾಗೆ ಹರಿದುಬಂದವು. ಅದರಲ್ಲಿನ ‘ಮೈ ಸ್ವೀಟ್ ಲಾರ್ಡ್’ ಬ್ರಿಟನ್‌ನಲ್ಲೂ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೇರಿತು. ನಾಲ್ವರಲ್ಲಿ ಆ ಮಟ್ಟಕ್ಕೆ ಮೊದಲು ಮುಟ್ಟಿದವನು ಯಾರೂ ಹೆಚ್ಚು ಲೆಕ್ಕಕ್ಕೆ ಇಟ್ಟುಕೊಳ್ಳದಿದ್ದ ಈ ಮೂರನೆಯವನು.

ತಂಡದಲ್ಲಿದ್ದಾಗಲೇ, 1968 ಮತ್ತು 69ರಲ್ಲಿ, ಆತ ಎರಡು ತಟ್ಟೆ ತಂದಿದ್ದನೆಂದು ಲೆಕ್ಕ ತಿಳಿದವರು ತಗಾದೆ ತೆಗೆಯಬಹುದು. ಒಂದು ಸಿನಿಮಾ ಸಂಗೀತ, ಇನ್ನೊಂದು ಯಂತ್ರದ ಗುಂಯ್‌ಗುಡುವಿಕೆ. ಅವನ್ನು ಯಾರೂ ಚೊಚ್ಚಲು ಅನ್ನುವುದಿಲ್ಲ. ಮನೆಯೊಳಗಿದ್ದು ಮಾಡಿದ್ದು ಬೇರೆ, ಹೊಸ್ತಿಲು ದಾಟಿ ಮಾಡಿದ್ದು ಬೇರೆ.

ನನಗೆ ಕುತೂಹಲ ಹುಟ್ಟಿಸಿದ್ದು ಆ ಪೆಟ್ಟಿಗೆಯಲ್ಲಿ ನುಡಿಸಿದವರ ಯಾದಿ. ಗಿಟಾರಿಗೆ ಎರಿಕ್ ಕ್ಲ್ಯಾಪ್ಟನ್, ಕೀಬೋರ್ಡಿಗೆ ಬಿಲ್ಲಿ ಪ್ರೆಸ್ಟನ್, ಬಾಸ್‌ಗೆ ಕ್ಲೌಸ್ ಫೂರ್ಮನ್, ಡ್ರಮ್ಮಿಗೆ ಬೀಟಲ್ಸ್‌ನವನೇ ಆದ ರಿಂಗೊ, ಒಟ್ಟು ಹೊಣೆಯಲ್ಲಿ ಪಾಲುದಾರನಾಗಿ ಫಿಲ್ ಸ್ಪೆಕ್ಟರ್. ಒಬ್ಬಂಟಿಯಾಗಿ ಹೊರಬಂದ ಅನ್ನುವವನ ಸುತ್ತ, ಬಿಟ್ಟುಬಂದ ತಂಡಕ್ಕಿಂತ ದೊಡ್ಡ ಜಮಾವಣೆ. ಈ ಕಥೆ ಬಾದಾಮಿ ಸೀಮೆಗೆ ಹೊಸದೇನಲ್ಲ. ನಮ್ಮಲ್ಲಿ ಬ್ಯಾಂಡ್ ಎಂಬುದಕ್ಕೆ ಕಂಪನಿ ಅಂತ ಹೆಸರು, ಗಿಟಾರಿನ ಜಾಗದಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ.

ಬನದ ಹುಣ್ಣಿಮೆಗೆ ಬನಶಂಕರಿ ತೇರು ಎಳೆದ ಮೇಲೂ ಜಾತ್ರೆ ಮುಗಿಯುವುದಿಲ್ಲ. ಚೊಳಚಗುಡ್ಡದ ಬಯಲಲ್ಲಿ ಬಾಗಿಲು-ಚೌಕಟ್ಟು ಮಾರುವವರ ಸಾಲು, ಹೊಂಡದ ದಂಡೆಗೆ ಬುಟ್ಟಿ ಇಳಿಸಿ ರೊಟ್ಟಿ, ಕೆಂಪು ಚಟ್ನಿ, ಮೊಸರು ಬಡಿಸುವ ಹೆಂಗಸರು, ಅದರಾಚೆ ತಗಡಿನ ಥೇಟರುಗಳು. ನಾಡಿನ ನಾಟಕ ಕಂಪನಿಗಳಿಗೆ ಇದು ವರ್ಷದ ದೊಡ್ಡ ಮುಕ್ಕಾಂ. ಹತ್ತಿರದ ಕಮತಗಿಯ ಹೊಳೆ ಹುಚ್ಚೇಶ್ವರ ನಾಟ್ಯ ಸಂಘದಂಥವರಿಂದ ಹಿಡಿದು ದಾವಣಗೆರೆ ಕಡೆಯ ಕಂಪನಿಗಳವರೆಗೆ ಎಲ್ಲರೂ ಇಲ್ಲಿ ಒಬ್ಬರ ಮೈಕು ಇನ್ನೊಬ್ಬರಿಗೆ ಕೇಳುವಷ್ಟು ಹತ್ತಿರದಲ್ಲಿ ಡೇರೆ ಹಾಕುತ್ತಾರೆ. ಪೋಸ್ಟರ್ ನೋಡಿ: ಮೇಲೆ ಕಂಪನಿಯ ಹೆಸರು, ಅದರ ಕೆಳಗೆ ಕಣ್ಣು ಕುಕ್ಕುವ ಅಕ್ಷರದಲ್ಲಿ ನಾಟಕದ ಹೆಸರು, ನಡುವೆ ಕಾಮಿಡಿ ಕಲಾವಿದನ ಹಲ್ಲುಕಿರಿದ ಫೋಟೊ. ಪೇಟಿ ನುಡಿಸುವವನ ಹೆಸರು ಹುಡುಕಬೇಕಾದರೆ ಪ್ರೆಸ್ಸಿನ ಹೆಸರಿನ ಹತ್ತಿರ ಕಣ್ಣು ಹಾಯಿಸಬೇಕು.

ಕಂಪನಿಯ ವ್ಯವಸ್ಥೆ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಸೀನರಿ, ಪರದೆ, ಜರಿ ಪೋಷಾಕು, ಕಿರೀಟ, ಲೈಸೆನ್ಸು, ಜಾಗದ ಬಾಡಿಗೆ ಎಲ್ಲ ಮಾಲೀಕರ ಪಾಲು. ನಾಟಕದ ಹಸ್ತಪ್ರತಿಯೂ ಅವರದೇ. ಅದು ಟ್ರಂಕಿನಲ್ಲಿ ಕೀಲಿಯೊಳಗೆ ಇರುತ್ತಿತ್ತು. ನಟರ ಕೈಗೆ ಸಿಗುತ್ತಿದ್ದದ್ದು ತಮ್ಮ ತಮ್ಮ ಪಾರ್ಟಿನ ಮಾತು ಮಾತ್ರ. ಊಟ, ವಸತಿ, ತಿಂಗಳ ಪಗಾರು ಕಂಪನಿಯಿಂದ. ಮನೆಯಲ್ಲಿ ಮದುವೆಯೋ ಬೇನೆಯೋ ಬಂದರೆ ಮುಂಗಡವೂ ಅಲ್ಲಿಂದಲೇ. ಆ ಮುಂಗಡ ತೀರುವವರೆಗೆ ಕಂಪನಿ ಬಿಡುವ ಮಾತಿಲ್ಲ. ತೀರುವಷ್ಟರಲ್ಲಿ ಇನ್ನೊಂದು ಮುಂಗಡ. ಹೀಗೆ ಹತ್ತು ಹದಿನೈದು ವರ್ಷ ದುಡಿದ ಮೇಲೆ ಒಬ್ಬ ಹೊರಬೀಳುತ್ತಾನೆ ಅಂದುಕೊಳ್ಳಿ. ಅವನ ಹಾಡಿಗೆ ಜನ ಒನ್ಸ್ ಮೋರ್ ಕೂಗಿದ್ದು ನಿಜ. ಆದರೆ ಹಾಡು ನಾಟಕದ್ದು, ನಾಟಕ ಕಂಪನಿಯದು. ಟಿಕೀಟು ಹರಿಸಿದ್ದು ಬೋರ್ಡು. ಗಂಟು ಕಟ್ಟಿದರೆ ಅದರೊಳಗೆ ಬರುವುದು ಗಂಟಲೊಂದೇ. ಪೇಟಿ ಮಾಸ್ತರನಾದರೆ ಹತ್ತು ಬೆರಳು.

ಪೇಟಿ ಮಾಸ್ತರನನ್ನು ಹತ್ತಿರದಿಂದ ನೋಡಿದವರಿಗೆ ಆ ಬೆರಳುಗಳ ಬೆಲೆ ಗೊತ್ತು. ಹಳೆಯ ಕಂಪನಿಗಳಲ್ಲಿ ಇದ್ದದ್ದು ಕಾಲುಪೇಟಿ. ಪೆಡಲು ತುಳಿದು ಗಾಳಿ ತುಂಬಿದರೆ ಎರಡೂ ಕೈ ಮನೆಗಳ ಮೇಲೆ ಓಡಾಡಲು ಬಿಡುವು. ಕೂರುವ ಜಾಗ ರಂಗದ ಮುಂದೆ, ತಬಲಾದವನ ಪಕ್ಕ. ಮುಖ ನಟರ ಕಡೆ, ಬೆನ್ನು ಪ್ರೇಕ್ಷಕರ ಕಡೆ. ನಾಯಕಿ ಬಿಳಿ ನಾಲ್ಕರಲ್ಲಿ ಹಾಡುತ್ತಾಳೆ, ರಾಜಪಾರ್ಟಿಯವನು ಕರಿ ಎರಡಕ್ಕಿಂತ ಮೇಲೆ ಏರಿದರೆ ಬಿರಿಯುತ್ತಾನೆ, ಇವತ್ತು ಅವನಿಗೆ ಶೀತವಾಗಿದೆ, ಅರ್ಧ ಮನೆ ಇಳಿಸಬೇಕು, ಇದೆಲ್ಲ ಅವನ ತಲೆಯಲ್ಲೇ. ಮಾತಿನ ಕೊನೆಯ ಶಬ್ದ ಬೀಳುವ ಮುಂಚೆ ಹಾಡಿನ ಸುರ ಕೊಟ್ಟಿರಬೇಕು. ಒಳಗೆ ಖಳನಾಯಕನ ಮೀಸೆ ಅಂಟದೆ ಪ್ರವೇಶ ತಡವಾದರೆ ಮಾಸ್ತರನೇ ಒಂದು ತುಣುಕು ನುಡಿಸಿ ಜನರನ್ನು ಹಿಡಿದಿಡಬೇಕು. ಆ ಮೂರು ನಿಮಿಷವೇ ಅವನ ಸೋಲೋ. ಒಳಗಿನಿಂದ ಸನ್ನೆ ಬಂದಕೂಡಲೇ ಅದನ್ನೂ ನಡುವೆಯೇ ನಿಲ್ಲಿಸಬೇಕು.

ಕಂಪನಿ ಬಿಟ್ಟು ಹೆಸರು ಮಾಡಿದ ಮೊದಲ ದೊಡ್ಡ ಪೇಟಿವಾದಕನ ಕಥೆಗೂ ನಮ್ಮ ನೆಲಕ್ಕೂ ನಂಟಿದೆ. ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1880ರಲ್ಲಿ ಪುಣೆಯಲ್ಲಿ ಅವರು ಆಡಿಸಿದ ‘ಶಾಕುಂತಲ’ದ ಬೆಳಕಿನಲ್ಲೇ ನಮ್ಮ ಕಡೆಯ ಹಲವು ಕನ್ನಡ ಕಂಪನಿಗಳು ಬೆಳೆದವು. ಕಿರ್ಲೋಸ್ಕರ್ ಮಂಡಳಿಯ ದೊಡ್ಡ ತಾರೆ ಬಾಲಗಂಧರ್ವರು. ಸೇರಿದ್ದು 1905ರಲ್ಲಿ. 1913ರಲ್ಲಿ ಅವರು ಆ ಮಂಡಳಿ ಬಿಟ್ಟು ಗಂಧರ್ವ ನಾಟಕ ಮಂಡಳಿ ಕಟ್ಟಿದಾಗ ಜೊತೆಗೆ ಪಾಲುದಾರರಾಗಿ ಹೊರಬಂದವರು ನಟ ಗಣಪತರಾವ್ ಬೋಡಸ್ ಮತ್ತು ಹಾರ್ಮೋನಿಯಂ ವಾದಕ ಗೋವಿಂದರಾವ್ ಟೇಂಬೆ. ‘ಮಾನಾಪಮಾನ’ ನಾಟಕಕ್ಕೆ 1911ರಲ್ಲಿ ಟೇಂಬೆಯವರು ಹಾಕಿದ ಮಟ್ಟುಗಳು ಆಗಲೇ ಮನೆಮಾತಾಗಿದ್ದವು. ಎರಡು ವರ್ಷ ಕಳೆಯುವುದರಲ್ಲಿ ಅವರು ಆ ಮಂಡಳಿಯನ್ನೂ ಬಿಟ್ಟು ತಮ್ಮದೇ ಶಿವರಾಜ ಮಂಡಳಿ ತೆರೆದರು. ಪಕ್ಕವಾದ್ಯವೆಂದು ಮೂಲೆಗಿಟ್ಟಿದ್ದ ಪೇಟಿಯನ್ನು ಬೈಠಕ್ಕಿನ ನಡುವೆ ತಂದು ಒಬ್ಬರೇ ನುಡಿಸಿ ತೋರಿಸಿದರು. 1932ರಲ್ಲಿ ಮರಾಠಿಯ ಮೊದಲ ಮಾತಿನ ಚಿತ್ರ ‘ಅಯೋಧ್ಯೇಚಾ ರಾಜಾ’ ಬಂದಾಗ ಸಂಗೀತವೂ ಅವರದೇ, ಹರಿಶ್ಚಂದ್ರನ ಪಾತ್ರವೂ ಅವರದೇ. ತಂಡ ಬಿಟ್ಟ ವಾದಕನಿಗೆ ಇದಕ್ಕಿಂತ ಭರ್ಜರಿ ಎರಡನೆಯ ಇನ್ನಿಂಗ್ಸ್ ಸಿಕ್ಕೀತೇ?

ಆದರೆ ಬಾಗಲಕೋಟೆ ಜಿಲ್ಲೆಯವರು ಎದೆ ತಟ್ಟಿ ಹೇಳಿಕೊಳ್ಳಬೇಕಾದ ಕಥೆ ಬೀಳಗಿಯದು. ಆ ಊರಿನ ಹಾಡುವ ಮನೆತನವೊಂದರ ಇಬ್ಬರು ಸೋದರಿಯರು, ಗೋಹರಬಾಯಿ ಮತ್ತು ಅಮೀರಬಾಯಿ. ಇಬ್ಬರೂ ಮುಂಬೈ ಸೇರಿದರು. ಒಬ್ಬಳು ನಾಡಿನ ಅತಿ ದೊಡ್ಡ ಕಂಪನಿಯೊಳಗೆ ನಡೆದಳು. ಇನ್ನೊಬ್ಬಳು ಯಾವ ಕಂಪನಿಯ ಬೋರ್ಡಿನ ಹಂಗೂ ಇಲ್ಲದೆ ಹಾಡಿ ಬದುಕಿದಳು. ಒಂದೇ ಮನೆಯಿಂದ ಎರಡು ದಿಕ್ಕು.

ಗೋಹರಬಾಯಿ ಗಂಧರ್ವ ಮಂಡಳಿಗೆ ಬಂದದ್ದು 1930ರ ದಶಕದ ಕೊನೆಯಲ್ಲಿ. ಆ ಹೊತ್ತಿಗೆ ಬಾಲಗಂಧರ್ವರ ವೈಭವದ ದಿನ ಇಳಿಯತೊಡಗಿತ್ತು. ಸ್ತ್ರೀಪಾತ್ರಗಳಿಂದಲೇ ದೊಡ್ಡವರಾದ ಅವರಿಗೆ ಐವತ್ತರ ಅಂಚು. ಅವರು ಮೂರು ದಶಕ ಹೊತ್ತು ಮೆರೆದ ಸೀರೆ-ಕುಪ್ಪಸದ ಪಾತ್ರಗಳನ್ನು ನಿಜವಾದ ಹೆಣ್ಣೊಬ್ಬಳು ಕೈಗೆ ತೆಗೆದುಕೊಂಡಾಗ ಮಹಾರಾಷ್ಟ್ರದ ರಸಿಕರಲ್ಲಿ ಹಲವರಿಗೆ ಅದು ಸಹನೆಯಾಗಲಿಲ್ಲ. ನಾಟಕ ಕುಸಿದದ್ದಕ್ಕೂ ಆಕೆಯೇ ಕಾರಣ, ಸಾಲ ಬೆಳೆದದ್ದಕ್ಕೂ ಆಕೆಯೇ ಕಾರಣ ಎಂಬ ಮಾತು ಬಹುಕಾಲ ಓಡಾಡಿತು. ನನಗಂತೂ ಇದು ಒಡೆದ ತಂಡಗಳ ಅಭಿಮಾನಿಗಳು ಎಲ್ಲ ಕಾಲಕ್ಕೂ ಹೇಳುವ ಮಾತೆಂದೇ ಕಾಣುತ್ತದೆ. ಬೀಟಲ್ಸ್ ಒಡೆದದ್ದಕ್ಕೆ ಲೆನನ್‌ನ ಹೆಂಡತಿ ಯೊಕೊ ಓನೊಳನ್ನು ಹಿಡಿದು ಜಾಡಿಸಿದವರಿಗೂ ಇವರಿಗೂ ಏನು ವ್ಯತ್ಯಾಸ? ಬಾಲಗಂಧರ್ವರು 1951ರಲ್ಲಿ ಆಕೆಯನ್ನು ಮದುವೆಯಾದರು. ಗೋಹರಬಾಯಿ ತೀರಿಕೊಂಡದ್ದು 1964ರಲ್ಲಿ, ಮೂರು ವರ್ಷದ ಮೇಲೆ ಬಾಲಗಂಧರ್ವರು.

ಅಮೀರಬಾಯಿಯ ದಾರಿ ಗ್ರಾಮಫೋನಿನದು. ತಟ್ಟೆಯ ಲೋಕ ಹೇಗಿತ್ತೆಂದು ಸ್ವಲ್ಪ ಹೇಳುತ್ತೇನೆ. ಅರಗಿನ ಹತ್ತಿಂಚಿನ ತಟ್ಟೆ ನಿಮಿಷಕ್ಕೆ 78 ಸುತ್ತು ಸುತ್ತುತ್ತಿತ್ತು. ಒಂದು ಮಗ್ಗುಲಿಗೆ ಮೂರು ನಿಮಿಷ, ಸ್ವಲ್ಪ ಹೆಚ್ಚು. ರಂಗದ ಮೇಲೆ ಒಂದೇ ಪದವನ್ನು ಇಪ್ಪತ್ತು ನಿಮಿಷ ಎಳೆಯುತ್ತಿದ್ದವರಿಗೆ ಇದು ಉಸಿರು ಕಟ್ಟಿಸುವ ಲೆಕ್ಕ. ಮೈಕು ಇಲ್ಲದ ಥೇಟರಿನಲ್ಲಿ ಕಟ್ಟಕಡೆಯ ನಾಲ್ಕಾಣೆಯ ಗಿರಾಕಿಗೂ ಕೇಳಲಿ ಎಂದು ದನಿ ಎಸೆಯುತ್ತಿದ್ದವರು ಇಲ್ಲಿ ಯಂತ್ರದ ಕಿವಿಗೆ ತಕ್ಕಷ್ಟು ತಗ್ಗಿಸಬೇಕು. ಭಾರತದಲ್ಲಿ ಈ ತಟ್ಟೆಗೆ ಮೊದಲ ತಾರೆಯೆಂದರೆ 1902ರಲ್ಲಿ ಕೊಲ್ಕತ್ತದಲ್ಲಿ ಹಾಡಿದ ಗೌಹರ್ ಜಾನ್. ಹಾಡು ಮುಗಿದಮೇಲೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ತಟ್ಟೆಗೆ ಲೇಬಲ್ ಅಂಟಿಸುವ ಪರದೇಶದ ಕೆಲಸಗಾರರಿಗೆ ಗುರುತು ಸಿಗಲಿ ಎಂಬುದು ಅದರ ಉದ್ದೇಶ. ಆ ಗೌಹರ್ ಜಾನ್ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ವಿದುಷಿಯಾಗಿ; ತೀರಿಕೊಂಡದ್ದು 1930ರ ಜನವರಿಯಲ್ಲಿ.

ಎಚ್‌ಎಂವಿ ತಟ್ಟೆಯಿಂದ ಸಿನಿಮಾಕ್ಕೆ ಬಂದ ಅಮೀರಬಾಯಿಗೆ 1943ರಲ್ಲಿ ಹಣೆಬರಹ ತೆರೆಯಿತು. ಬಾಂಬೆ ಟಾಕೀಸಿನ ‘ಕಿಸ್ಮತ್’, ಅನಿಲ್ ಬಿಸ್ವಾಸರ ಸಂಗೀತ. ಕೊಲ್ಕತ್ತದ ರಾಕ್ಸಿ ಥೇಟರಿನಲ್ಲಿ ಆ ಚಿತ್ರ ಮೂರು ವರ್ಷಕ್ಕೂ ಮೀರಿ ಓಡಿತು. ತೆರೆಯ ಮೇಲೆ ತುಟಿ ಆಡಿಸಿದವಳು ಮುಮ್ತಾಜ್ ಶಾಂತಿ, ಒಳಗಿನ ದನಿ ಬೀಳಗಿಯದು. ಮರುವರ್ಷ ನೌಷಾದರ ‘ರತನ್’ ಬಂತು. ಅದರಲ್ಲೂ ಈಕೆಯ ಹಾಡು. ಆಮೇಲೆ ಒಂದು ಐದಾರು ವರ್ಷ ಹಿಂದಿ, ಮರಾಠಿ, ಗುಜರಾತಿ ಚಿತ್ರಗಳಲ್ಲಿ ಆಕೆಗೆ ಬಿಡುವಿರಲಿಲ್ಲ. ಇಡೀ ಹಿಂದುಸ್ತಾನದಲ್ಲಿ ಅಮೀರಬಾಯಿ ಕರ್ನಾಟಕಿ ಎಂದೇ ಹೆಸರು. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರಲ್ಲಿ. ಅದಕ್ಕೆ ಮೂರು ದಶಕ ಮುಂಚೆಯೇ ಬೀಳಗಿಯ ಹೆಣ್ಣುಮಗಳೊಬ್ಬಳು ಆ ಹೆಸರನ್ನು ತಟ್ಟೆಯ ಮೇಲೆ ಹಾಕಿಸಿಕೊಂಡು ಲಾಹೋರಿನಿಂದ ಕೊಲ್ಕತ್ತದವರೆಗೆ ಸುತ್ತಿಸಿದ್ದಳು.

ಹಾಗೆಂದು ಸಿನಿಮಾದ ಹಿನ್ನೆಲೆ ಗಾಯಕಿಗೆ ಯಾವ ಬೋರ್ಡಿನ ಕಾಟವೂ ಇರಲಿಲ್ಲ ಅನ್ನುವಂತಿಲ್ಲ. ಅಂದಿನ ಎಷ್ಟೋ ಚಿತ್ರಗೀತೆಯ ತಟ್ಟೆಗಳ ಮೇಲೆ ಹಾಡಿದವರ ಹೆಸರೇ ಇರುತ್ತಿರಲಿಲ್ಲ, ಪಾತ್ರದ ಹೆಸರು ಇರುತ್ತಿತ್ತು. 1949ರ ‘ಮಹಲ್’ ಚಿತ್ರದ ಲತಾ ಮಂಗೇಶ್ಕರ್ ಹಾಡಿನ ತಟ್ಟೆಯ ಮೇಲೆ ಅಚ್ಚಾದದ್ದು ‘ಕಾಮಿನಿ’ ಎಂದು. ನಾಟಕ ಕಂಪನಿಯ ಮಾಲೀಕನನ್ನು ಬಿಟ್ಟು ಬಂದವರಿಗೆ ಸ್ಟುಡಿಯೊ ಎಂಬ ಇನ್ನೊಬ್ಬ ಮಾಲೀಕ. ಅದೇ ಲತಾ ಅಲೆಯಲ್ಲಿ ಅಮೀರಬಾಯಿಯಂಥ ತುಂಬುದನಿಯವರೆಲ್ಲ ಹಿಂದೆ ಸರಿದರು. ಕೊನೆಗೆ ಅಮೀರಬಾಯಿ ಸಣ್ಣಪುಟ್ಟ ಪಾತ್ರಗಳಲ್ಲಿ ಬಣ್ಣ ಹಚ್ಚಿದಳು. ವಿಜಯಪುರದಲ್ಲಿ ಅಮೀರ್ ಟಾಕೀಸು ಆಕೆಯ ಹೆಸರನ್ನು ಉಳಿಸಿಕೊಂಡಿತು. 1965ರ ಮಾರ್ಚ್‌ನಲ್ಲಿ ತೀರಿಕೊಂಡದ್ದೂ ಅದೇ ಊರಿನಲ್ಲಿ. ರಹಮತ್ ತರೀಕೆರೆಯವರು ಬರೆದ ಜೀವನಚರಿತ್ರೆ ಇರದಿದ್ದರೆ ಕನ್ನಡದ ಓದುಗರಿಗೆ ಈಕೆಯ ಬಗ್ಗೆ ತಿಳಿಯುತ್ತಿದ್ದದ್ದು ಅಷ್ಟಕ್ಕಷ್ಟೆ.

ಸ್ವಂತ ಹೆಸರಿನ ಹಂಬಲ ಈ ಸೀಮೆಯಲ್ಲಿ ಗ್ರಾಮಫೋನಿನ ಜೊತೆ ಹುಟ್ಟಿದ್ದೂ ಅಲ್ಲ. ಬಾದಾಮಿಯಿಂದ ಇಪ್ಪತ್ತು ಕಿಲೋಮೀಟರು ಚಿಲ್ಲರೆ ದೂರದ ಪಟ್ಟದಕಲ್ಲಿನಲ್ಲಿ, ಎಂಟನೆಯ ಶತಮಾನದ ಹೊತ್ತಿನ ಬರಹವೊಂದಿದೆ. ಅದರಲ್ಲಿ ಅಚಲನೆಂಬ ನಟನ ಬಣ್ಣನೆ. ಭರತನ ಮತ ಬಲ್ಲ ಇವನ ಗರ್ಜನೆಗೆ ಎದುರಾಳಿ ನಟರ ಸೊಕ್ಕು ಇಳಿಯುತ್ತದೆ ಎಂಬರ್ಥದ ಹೊಗಳಿಕೆ. ಚಾಲುಕ್ಯರ ರಾಣಿಯರು ಕಟ್ಟಿಸಿದ ಗುಡಿಗಳ ಊರಿನಲ್ಲಿ ಒಬ್ಬ ಆಟಗಾರ ತನ್ನ ಹೆಸರು ಕಲ್ಲಿಗೆ ಹತ್ತುವಂತೆ ನೋಡಿಕೊಂಡ. ಅವನ ತಂಡದಲ್ಲಿ ಮದ್ದಳೆ ಬಾರಿಸಿದವನ ಹೆಸರು ಅಲ್ಲಿಲ್ಲ.

ಕಂಪನಿ ಬಿಟ್ಟವರ ಸಾಲಿನಲ್ಲಿ ಧಾರವಾಡದ ದೊಡ್ಡ ಗಾಯಕರೂ ನಿಲ್ಲುತ್ತಾರೆ. ಕುಂದಗೋಳದ ರಾಮಭಾವು ಗುರು ಅಬ್ದುಲ್ ಕರೀಂ ಖಾನರ ಮನಸ್ಸಿಗೆ ವಿರುದ್ಧವಾಗಿ ನಾಟಕ ಸೇರಿ, ಸ್ತ್ರೀಪಾತ್ರ ಹಾಡಿ ಸವಾಯಿ ಗಂಧರ್ವ ಎನಿಸಿಕೊಂಡು, ಆಮೇಲೆ ಬೈಠಕ್ಕಿಗೆ ಮರಳಿದರು. ಯಲಿವಾಳದ ಹುಡುಗ ಬಸವರಾಜ ರಾಜಗುರು ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಹಾಡಿಕೊಂಡಿದ್ದವನು ಪಂಚಾಕ್ಷರಿ ಗವಾಯಿಗಳ ಕೈಗೆ ಬಿದ್ದ. ರಾಜಗುರುವಿನ ಮೊದಲ ದೊಡ್ಡ ಕಛೇರಿ 1936ರಲ್ಲಿ, ಹಂಪಿಯಲ್ಲಿ, ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವದಲ್ಲಿ. ಹಾಡಿದವನು ಇನ್ನೂ ಮೀಸೆ ಚಿಗುರುವ ವಯಸ್ಸಿನ ಹುಡುಗ. ತಬಲಾಕ್ಕೆ ಕೂತವರು ಸ್ವತಃ ಗವಾಯಿಗಳು. ಕಣ್ಣು ಕಾಣದ, ನಾಡೇ ಕೈಮುಗಿಯುವ ಗುರು ಶಿಷ್ಯನ ಚೊಚ್ಚಲ ಕಛೇರಿಗೆ ಪಕ್ಕವಾದ್ಯ ನುಡಿಸುತ್ತಾರೆ! ಠೇಕಾ ಎಲ್ಲಿ ತಪ್ಪೀತೆಂಬ ಭಯವೇ ಹುಡುಗನಿಗೆ ಬೇಕಿಲ್ಲ. ಸೋಲೋ ಎಂಬ ಮಾತಿನ ಒಳಗುಟ್ಟು ಅಲ್ಲಿದೆ. ಹ್ಯಾರಿಸನ್‌ನ ಬೆನ್ನಿಗೆ ಕ್ಲ್ಯಾಪ್ಟನ್ ನಿಂತ, ರಾಜಗುರುವಿನ ಬೆನ್ನಿಗೆ ಗವಾಯಿಗಳು ಕೂತರು. ಕಂಪನಿ ಬಿಟ್ಟು ನಿಜಕ್ಕೂ ಒಬ್ಬರೇ ಹೊರಟವರು ದಾರಿಯಲ್ಲೇ ಉಳಿದರು, ಅವರ ಹೆಸರು ನಮ್ಮವರೆಗೆ ಬಂದೇ ಇಲ್ಲ.

ಮಲ್ಲಿಕಾರ್ಜುನ ಮನಸೂರರದು ಇನ್ನೂ ವಿಚಿತ್ರ. ಅಣ್ಣ ಬಸವರಾಜರ ಬೆನ್ನು ಹತ್ತಿ ಚಿಕ್ಕಂದಿನಲ್ಲೇ ನಾಟಕದ ಬಣ್ಣ ಹಚ್ಚಿದವರು, ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಗಾಯಕಿ ಕಲಿತರು, ಎಚ್‌ಎಂವಿಗೆ ತಟ್ಟೆ ಕೊಟ್ಟರು, ಅಲ್ಲೇ ಸಂಗೀತ ನಿರ್ದೇಶಕರಾದರು. ಇಷ್ಟು ಹೆಸರಾದ ಮೇಲೆ ಯಾರಾದರೂ ಗುರು ಹುಡುಕುತ್ತಾರೆಯೆ? ಅವರು ಹುಡುಕಿದರು. ಜೈಪುರ ಘರಾಣೆಯ ಮಂಜಿಖಾನರ ಮುಂದೆ ಮತ್ತೆ ಸಾ ಹಚ್ಚಿ ಕೂತರು. 1937ರಲ್ಲಿ ಮಂಜಿಖಾನರು ಹಠಾತ್ತನೆ ತೀರಿಕೊಂಡಾಗ ಅವರ ತಮ್ಮ ಭುರ್ಜಿಖಾನರ ಬಳಿ ಮುಂದುವರಿಸಿದರು. ನಾವು ಇವತ್ತು ಕೇಳುವ ಮನಸೂರರು ಆ ಎರಡನೆಯ ಚೊಚ್ಚಲಿನವರು. ಮಾರುತ್ತಿದ್ದ ತಟ್ಟೆಗಳ ಹೆಸರನ್ನು ಬದಿಗಿಟ್ಟು ಕಲಿಯಲು ಕೂರುವುದಕ್ಕೆ ಬೇಕಾದ ಧೈರ್ಯದ ಮುಂದೆ ತಂಡ ಬಿಡುವ ಧೈರ್ಯ ಏನೂ ಅಲ್ಲ ಎನ್ನುವುದು ನನ್ನ ಅಭಿಪ್ರಾಯ.

ಇಲ್ಲಿಯವರೆಗೆ ಹೇಳಿದ್ದು ಬಹುಮಟ್ಟಿಗೆ ಹಾಡುವವರ ಕಥೆ. ನುಡಿಸುವವನ ಕಥೆ ಬೇರೆ. ಹಾಡುಗಾರನಿಗೆ ಕಂಪನಿ ಬಿಟ್ಟರೆ ತಟ್ಟೆ ಇತ್ತು, ಆಮೇಲೆ ರೇಡಿಯೊ ಇತ್ತು. ಪೇಟಿ ಮಾಸ್ತರನಿಗೆ ರೇಡಿಯೊ ಬಾಗಿಲು ಹಾಕಿಕೊಂಡಿತು. ಆಕಾಶವಾಣಿ 1940ರ ಮಾರ್ಚ್‌ನಿಂದ ಹಾರ್ಮೋನಿಯಮ್ಮಿಗೆ ನಿಷೇಧ ಹೇರಿತು. ಅದು ಪರದೇಶದ ವಾದ್ಯ, ಅದರ ಮನೆಗಳು ಗಟ್ಟಿಯಾಗಿ ಕೂತಿವೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡು ಅದರಲ್ಲಿ ಬಾರದು, ನಮ್ಮ ರಾಗಗಳ ಸೂಕ್ಷ್ಮ ಶ್ರುತಿಗಳನ್ನು ಅದು ಕೆಡಿಸುತ್ತದೆ, ಹೀಗೆ ಆಪಾದನೆ. ರವೀಂದ್ರನಾಥ ಟಾಗೋರರೂ ಆ ಪಕ್ಷವೇ. ಆಪಾದನೆಯಲ್ಲಿ ಹುರುಳಿಲ್ಲ ಎನ್ನಲಾಗದು. ಗಿಟಾರಿನವನು ಮೆಟ್ಟಿಲ ಮೇಲೇ ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸಬಲ್ಲ. ಸಾಲದಿದ್ದರೆ ಬೆರಳಿಗೆ ಕೊಳವೆ ತೊಟ್ಟು ತಂತಿಯ ಮೇಲೆ ಜಾರಿಸಬಲ್ಲ. ರವಿಶಂಕರರಲ್ಲಿ ಸಿತಾರ್ ಕಲಿತ ಹ್ಯಾರಿಸನ್ ತನ್ನ ಸ್ವಂತ ಆಲ್ಬಮ್ಮಿನಲ್ಲಿ ಆ ಜಾರುವ ಗಿಟಾರನ್ನೇ ತನ್ನ ಗುರುತಾಗಿ ಮಾಡಿಕೊಂಡ. ಪೇಟಿಯ ಮನೆ ಒತ್ತಿದರೆ ಒತ್ತಿದ್ದು, ಬಿಟ್ಟರೆ ಬಿಟ್ಟದ್ದು.

ಧಾರವಾಡ ಆಕಾಶವಾಣಿ 1950ರ ಜನವರಿಯಲ್ಲಿ ಶುರುವಾದಾಗ ನಮ್ಮ ಕಡೆಯ ಗಾಯಕರಿಗೆಲ್ಲ ಮನೆಬಾಗಿಲಿಗೇ ಗಂಗೆ ಬಂದಹಾಗಾಯಿತು. ಅವರಿಗೆ ಜೀವಮಾನವೆಲ್ಲ ಸಾಥ್ ಕೊಟ್ಟ ಪೇಟಿಯವರು ಹೊರಗೇ ಉಳಿದರು. ನಿಷೇಧ ಸಡಿಲಾದದ್ದು 1971ರಲ್ಲಿ, ಅದೂ ದೊಡ್ಡ ಕಲಾವಿದರ ಪಕ್ಕವಾದ್ಯಕ್ಕಷ್ಟೇ. ಸೋಲೋಗೆ ಮತ್ತೂ ಬಹಳ ಕಾಲ ಕಾಯಬೇಕಾಯಿತು. ಈ ಅಡೆತಡೆಯ ನಡುವೆಯೂ ಹೆಸರು ಉಳಿಸಿದವರಲ್ಲಿ ಬೆಳಗಾವಿಯ ರಾಮಭಾವು ಬಿಜಾಪುರೆ ಮುಖ್ಯರು. 1917ರಲ್ಲಿ ಕಾಗವಾಡದಲ್ಲಿ ಹುಟ್ಟಿದವರು. ಶಿರಹಟ್ಟಿ ವೆಂಕೋಬರಾಯರ ನಾಟಕ ಕಂಪನಿಯಲ್ಲಿ, ಎಚ್‌ಎಂವಿಯಲ್ಲಿ ದುಡಿದು ಹೊರಬಂದು ಬೆಳಗಾವಿಯಲ್ಲಿ ಸಂಗೀತ ಶಾಲೆ ತೆರೆದರು. ಮನಸೂರ, ಗಂಗೂಬಾಯಿ, ಭೀಮಸೇನ, ಕುಮಾರ ಗಂಧರ್ವ, ಎಲ್ಲರ ಪಕ್ಕದಲ್ಲೂ ಕೂತರು. ಪೇಟಿಯನ್ನೊಂದೇ ಇಟ್ಟುಕೊಂಡು ಸೋಲೋ ಕಛೇರಿಗಳನ್ನೂ ಕೊಟ್ಟರು. 2010ರಲ್ಲಿ ತೀರಿಕೊಳ್ಳುವವರೆಗೆ ಅವರ ಮನೆಯಲ್ಲಿ ಪಾಠ ನಿಂತಿರಲಿಲ್ಲ.

ಗಿಟಾರ್ ಹಿಡಿದ ಕನ್ನಡಿಗರ ಮಾತೂ ಬರಬೇಕಲ್ಲ. ಮೈಸೂರಿನ ರಘು ದೀಕ್ಷಿತ್ ತಮ್ಮ ‘ಅಂತರಾಗ್ನಿ’ ತಂಡದ ಕಾಲ ಮುಗಿದ ಮೇಲೆ 2008ರಲ್ಲಿ ಸ್ವಂತ ಹೆಸರಿನ ಆಲ್ಬಂ ತಂದರು. ಬಿಡುಗಡೆ ಮಾಡಿದ್ದು ಹಿಂದಿ ಚಿತ್ರರಂಗದ ವಿಶಾಲ್-ಶೇಖರ್ ಜೋಡಿ. ಅದರಲ್ಲಿ ಜನ ಹಿಡಿದುಕೊಂಡ ಕನ್ನಡ ಹಾಡುಗಳು ಶಿಶುನಾಳ ಶರೀಫರವು. ಎರಡು ವರ್ಷದಲ್ಲಿ ಅವರು ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಲುಂಗಿ-ಗೆಜ್ಜೆ ಕಟ್ಟಿ ಹಾಡುತ್ತಿದ್ದರು. ತಂಡ ಕಳೆದುಕೊಂಡ ರಾಕ್ ಗಾಯಕನೊಬ್ಬ ಬೆನ್ನಿಗೆ ಆಸರೆ ಹುಡುಕಿ ತಲುಪಿದ್ದು 1889ರಲ್ಲಿ ತೀರಿಕೊಂಡ ತತ್ವಪದಕಾರನ ಬಳಿಗೆ. ಭಜನಾ ಮೇಳಗಳಲ್ಲಿ ಏಕತಾರಿ, ದಮ್ಮಡಿಯೊಂದಿಗೆ ಆ ಪದಗಳನ್ನು ಕೇಳಿ ಬೆಳೆದ ನಮ್ಮ ಕಡೆಯ ಹಿರಿಯರಿಗೆ ಆ ಗಿಟಾರು ಗದ್ದಲವೆನಿಸಿತು, ಅವರ ಮೊಮ್ಮಕ್ಕಳಿಗೆ ಶರೀಫರ ಪದ ಗೊತ್ತಾದದ್ದೇ ಆ ಗದ್ದಲದಿಂದ.

ಬಾದಾಮಿ, ಹುನಗುಂದ, ಇಳಕಲ್ಲಿನ ಹಳ್ಳಿಗಳಿಗೆ ಬಂದರೆ ಕಂಪನಿ ಬಿಟ್ಟ ಪೇಟಿ ಮಾಸ್ತರನಿಗೆ ಮೂರನೆಯ ದಾರಿಯೊಂದು ಕಾಣುತ್ತದೆ. ತಟ್ಟೆಯೂ ಅಲ್ಲ, ಕಛೇರಿಯೂ ಅಲ್ಲ. ಊರ ಜಾತ್ರೆಗೆ ನಾಟಕ ಕಲಿಸುವುದು. ಇದಕ್ಕೆ ಬೇಕಾದ ಸರಕು ಒದಗಿಸಿದವರಲ್ಲಿ ದೊಡ್ಡ ಹೆಸರು ಹುನಗುಂದ ಸೀಮೆಯ ಕಂದಗಲ್ಲ ಹನುಮಂತರಾಯರದು. 1896ರಲ್ಲಿ ಹುಟ್ಟಿದ ಅವರು ಕಂಪನಿಗಳಿಗೆಂದು ಬರೆದ ಪೌರಾಣಿಕ ನಾಟಕಗಳಲ್ಲಿ ಅಶ್ವತ್ಥಾಮನ ಸೇಡಿನ ‘ರಕ್ತರಾತ್ರಿ’ ಅತಿ ಜನಪ್ರಿಯ. ಕಂಪನಿಗಳ ಟ್ರಂಕಿನಿಂದ ಹೊರಬಿದ್ದು ಪುಸ್ತಕವಾದ ಮೇಲೆ ಅದು ಹಳ್ಳಿಹಳ್ಳಿಗೆ ಹಂಚಿಹೋಯಿತು. ಅಕ್ಷರ ಬಾರದವರೂ ಅದರ ಮಾತುಗಳನ್ನು ಗಟ್ಟಿ ಮಾಡಿಕೊಂಡರು. ವಿಜಯಪುರದ ರಂಗಮಂದಿರಕ್ಕೆ ಅವರ ಹೆಸರಿದೆ. ಆದರೆ ಅವರು ನಿಜವಾಗಿ ಉಳಿದಿರುವುದು ಕಬಡ್ಡಿ ಆಡುವ ಬಯಲಿನಲ್ಲಿ ಒಂದು ರಾತ್ರಿಗೆಂದು ಕಟ್ಟುವ ಅಟ್ಟದ ಮೇಲೆ.

ಮಾಸ್ತರ ಊರಿಗೆ ಬರುವುದು ಸುಗ್ಗಿ ಮುಗಿಯುವ ಹೊತ್ತಿಗೆ. ಗುಡಿಯ ಕಟ್ಟೆಯೋ ಸಾಲಿಯ ಕೋಣೆಯೋ ತಾಲೀಮಿನ ಜಾಗ. ಹಗಲು ಹೊಲದಲ್ಲಿ, ಮಗ್ಗದಲ್ಲಿ, ಕಲ್ಲಿನ ಕ್ವಾರಿಯಲ್ಲಿ ದುಡಿದವರು ರಾತ್ರಿ ಉಂಡು ಕೂಡುತ್ತಾರೆ. ಎರಡು ಮೂರು ತಿಂಗಳು ಈ ಮನೆಯಲ್ಲಿ ಒಂದು ದಿನ, ಆ ಮನೆಯಲ್ಲಿ ಒಂದು ದಿನ ಮಾಸ್ತರನ ಊಟ. ದುಡ್ಡು ಹೆಚ್ಚು ಕೊಟ್ಟವನಿಗೆ ದೊಡ್ಡ ಪಾರ್ಟು ಎಂಬ ಕರಾರು ಮೊದಲೇ ಆಗಿರುತ್ತದೆ, ಅವನ ದನಿ ಹೇಗಿದ್ದರೂ ಮಾಸ್ತರ ಅದಕ್ಕೊಂದು ಮನೆ ಹುಡುಕಬೇಕು. ‘ಸುರ ಹಿಡೀ ತಮ್ಮಾ, ಪೇಟಿ ಒಂದ್ ಕಡೆ ನೀ ಒಂದ್ ಕಡೆ ಹೊಂಟ್ರ ಹ್ಯಾಂಗ?’ ಎಂಬ ಗದರಿಕೆ ನಡುರಾತ್ರಿಯವರೆಗೆ ಕೇಳುತ್ತದೆ. ಹೆಣ್ಣುಪಾರ್ಟಿಗೆ ನಟಿಯರನ್ನು ಗೊತ್ತು ಮಾಡುವುದು, ಪಟ್ಟಣದಿಂದ ಸೀನರಿ ಬಾಡಿಗೆಗೆ ತರಿಸುವುದು, ತಬಲಾದವನನ್ನು ಕರೆತರುವುದು, ಎಲ್ಲ ಮಾಸ್ತರನ ತಲೆಗೇ. ಮಾಲೀಕ, ಮ್ಯಾನೇಜರು, ನಿರ್ದೇಶಕ, ವಾದಕ, ಒಬ್ಬನೇ. ಕಂಪನಿ ಬಿಟ್ಟು ಬಂದವನು ವರ್ಷಕ್ಕೆ ಎರಡು ಮೂರು ಕಂಪನಿ ಕಟ್ಟುತ್ತಾನೆ, ಒಂದೊಂದರ ಆಯುಷ್ಯ ಒಂದು ರಾತ್ರಿ.

ಹೊಸ ಕಾಲದ ಮಾಸ್ತರರು ಪೇಟಿ ಬಿಟ್ಟು ಕೀಬೋರ್ಡು ಹಿಡಿದಿದ್ದಾರೆ, ಜೊತೆಗೆ ಒಂದು ರಿದಂ ಪ್ಯಾಡು. ಬೈಕಿನ ಹಿಂದೆ ಕಟ್ಟಿಕೊಂಡು ಬಂದರಾಯಿತು. ಯಾರ ದನಿ ಎಷ್ಟಕ್ಕೆ ಏರುತ್ತದೆಂದು ತಲೆಯಲ್ಲಿಟ್ಟುಕೊಳ್ಳುವ ಕಷ್ಟವಿಲ್ಲ, ಒಂದು ಗುಂಡಿ ಒತ್ತಿದರೆ ಇಡೀ ವಾದ್ಯದ ಶ್ರುತಿಯೇ ಬದಲಾಗುತ್ತದೆ. ಎಡಗೈ ಹತ್ತಿರ ಸಣ್ಣ ಚಕ್ರವಿದೆ. ಅದನ್ನು ತಿರುವಿದರೆ ಸ್ವರ ಜಾರುತ್ತದೆ, ಪೇಟಿಗೆ ಬಾರದು ಎಂದು ರೇಡಿಯೊದವರು ದೂರಿದ್ದ ಅದೇ ಮೀಂಡು. ಇದೇ ಹುಡುಗರು ಬೇಸಗೆಯಲ್ಲಿ ಜಾನಪದ ಹಾಡು ಕಟ್ಟಿ ಯೂಟ್ಯೂಬಿಗೆ ಹಾಕುತ್ತಾರೆ. ಟ್ರ್ಯಾಕ್ಟರಿನ ಸ್ಪೀಕರಿನಲ್ಲಿ ಅವು ಕಬ್ಬಿನ ಗಾಡಿಯ ಜೊತೆ ಊರೂರು ತಿರುಗುತ್ತವೆ. ನಾಟಕದ ಹ್ಯಾಂಡ್‌ಬಿಲ್ಲಿನ ಕೆಳತುದಿಯಲ್ಲಿ ಈಗಲೂ ‘ಸಂಗೀತ ಮತ್ತು ನಿರ್ದೇಶನ’ ಎಂದು ಒಂದು ಸಾಲು, ಅದರ ಮುಂದೆ ಮಾಸ್ತರನ ಹೆಸರು, ಊರು, ಮೊಬೈಲ್ ನಂಬರು. ನಂಬರು ಹಾಕಿಸುವುದು ಮಾಸ್ತರನ ಕರಾರಿನಲ್ಲೇ ಸೇರಿರುತ್ತದೆ. ಮುಂದಿನ ಊರಿನವರು ಮುಂಗಡ ಕೊಡಲು ಬರುವುದು ಅದನ್ನು ನೋಡಿಯೇ.